ಓಡಿಸುವ ಆಸೆ, ನಿಲ್ಲಿಸುವ ಹೊಣೆ

ನ್ಯಾಯಾಲಯದ ಆವರಣದಲ್ಲಿ ನನ್ನ ಕಾರನ್ನು ಕಂಡವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ವಕೀಲರೇ, ಇದು ಎಷ್ಟು ಓಡುತ್ತದೆ?" ಕಕ್ಷಿದಾರರು ಕೇಳಿದ್ದಾರೆ, ಸಹೋದ್ಯೋಗಿಗಳು ಕೇಳಿದ್ದಾರೆ, ಸಮನ್ಸ್ ಜಾರಿಗೆಂದು ಬಂದ ಪೊಲೀಸಿನವರೂ ಕೇಳಿದ್ದಾರೆ. "ಇದು ಎಷ್ಟು ಬೇಗ ನಿಲ್ಲುತ್ತದೆ?" ಎಂದು ಕೇಳಿದವರು ಈವರೆಗೆ ಇಬ್ಬರೇ. ಒಬ್ಬಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ನನ್ನ ಮಗಳು. ಇನ್ನೊಬ್ಬರು ಮೂವತ್ತು ವರ್ಷ ಬಾಡಿಗೆ ಜೀಪು ಓಡಿಸಿ, ಆ ದುಡಿಮೆಯಲ್ಲಿ ನನ್ನನ್ನು ಕಾನೂನು ಪದವಿಯವರೆಗೆ ಓದಿಸಿದ ನನ್ನ ತಂದೆ. ಅವರಿಬ್ಬರ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಕಲಿತದ್ದನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲು ಕಾರಿನ ಸಂಗತಿ. ಎರಡು ಬಾಗಿಲು, ಎರಡು ಆಸನ, ತಗ್ಗಿದ ಮಾಡು, ನೆಲಕ್ಕೆ ಅಂಟಿಕೊಂಡಂತೆ ಸಾಗುವ ಮೈ. ಜರ್ಮನಿಯ ಸಂಸ್ಥೆಯೊಂದರ ತಯಾರಿ; ಪತ್ರಿಕೆಯ ಈ ಪುಟ ಜಾಹೀರಾತಾಗಬಾರದೆಂದು ಹೆಸರನ್ನು ಬಿಟ್ಟಿದ್ದೇನೆ. ಹನ್ನೆರಡು ವರ್ಷ ಹಳೆಯದಾದುದರಿಂದಲೇ ನನ್ನಂತಹ ಜಿಲ್ಲಾ ನ್ಯಾಯಾಲಯದ ವಕೀಲನ ಕೈಗೆ ಎಟುಕಿತು. ಬೆಂಗಳೂರಿನಿಂದ ತಂದು, ಕರ್ನಾಟಕದ ನಿರಾಕ್ಷೇಪಣಾ ಪತ್ರ, ಕೇರಳದ ತೆರಿಗೆ ಎಂದು ಕಚೇರಿಗಳಿಗೆ ಅಲೆದು, ಕೊನೆಗೆ ಅದಕ್ಕೆ ನಮ್ಮ ಕಾಸರಗೋಡಿನ ಕೆಎಲ್-14 ಫಲಕ ಹಾಕಿಸಿದಾಗ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಬಾಲ್ಯದಲ್ಲಿ ಗಲ್ಫಿನಿಂದ ಬಂದವರೊಬ್ಬರ ಮನೆಯಲ್ಲಿ ಅಂತಹ ಕಾರಿನ ಚಿತ್ರವಿದ್ದ ಕ್ಯಾಲೆಂಡರನ್ನು ಕಂಡಿದ್ದೆ. ನಲುವತ್ತು ದಾಟಿದ ಮೇಲೆ ಆ ಚಿತ್ರ ನನ್ನ ಅಂಗಳದಲ್ಲಿ ನಿಂತಿತ್ತು.

ಆದರೆ ಅದು ಹೆಚ್ಚಾಗಿ ನಿಂತೇ ಇರುತ್ತಿತ್ತು ಎಂಬುದನ್ನೂ ಹೇಳಬೇಕು. ಮನೆಯಿಂದ ನ್ಯಾಯಾಲಯಕ್ಕೆ ನಾನು ಬಸ್ಸಿನಲ್ಲಿ ಹೋಗುವವನು. ಕಾರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಕೆಲವೊಮ್ಮೆ ಮೂರು ವಾರಕ್ಕೊಮ್ಮೆ ಹೊರಡುತ್ತಿತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಪಡುವಣದಿಂದ ಉಪ್ಪುಗಾಳಿ ಬೀಸುವ ಊರು ನಮ್ಮದು. ಹಾಗೆ ನಿಂತ ಕಾರಿನ ಚಕ್ರದೊಳಗೆ ಏನಾಗುತ್ತದೆ ಎಂಬ ಅರಿವು ಆಗ ನನಗಿರಲಿಲ್ಲ.

ಒಂದು ದಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ವೇಗ ತಗ್ಗಿಸಲು ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಚಕ್ರ ಸಣ್ಣಗೆ ನಡುಗಿತು. ಚಳಿಜ್ವರ ಬಂದವನ ಕೈ ಹಿಡಿದಂತಿತ್ತು. ಪೆಡಲಿನಲ್ಲಿಯೂ ಅದೇ ಮಿಡಿತ ಪಾದಕ್ಕೆ ತಿಳಿಯುತ್ತಿತ್ತು. ಮುಂದಿನ ವಾರ ತೋರಿಸೋಣವೆಂದುಕೊಂಡೆ. ಮುಂದಿನ ವಾರ ವಿಚಾರಣೆಯಿತ್ತು. ಅದರ ಮುಂದಿನ ವಾರ ಮನೆಯಲ್ಲಿ ಪೂಜೆ. ಹೀಗೆ ಎರಡು ತಿಂಗಳು ಕಳೆದವು. ಈ ಎರಡು ತಿಂಗಳ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕಾಗಿ ವಿನಂತಿ.

ಡಿಸೆಂಬರಿನಲ್ಲಿ ಮಡಿಕೇರಿಯಲ್ಲೊಂದು ಮದುವೆ. ಅಮ್ಮ ಮತ್ತು ಪತ್ನಿ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು. ನಾನೂ ಮಗಳೂ ಬೆಳಗ್ಗೆ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ ಮಾರ್ಗವಾಗಿ ಈ ಕಾರಿನಲ್ಲಿ ಹೋದೆವು. ಸಂಜೆ ಹಿಂದಿರುಗುವಾಗ ಸಂಪಾಜೆ ಘಾಟಿಯ ಇಳಿತ. ತಿರುವಿನ ಮೇಲೆ ತಿರುವು. ಪ್ರತಿ ತಿರುವಿಗೂ ಮುನ್ನ ನಾನು ಬ್ರೇಕ್ ಒತ್ತುತ್ತಿದ್ದೆ, ತಿರುವು ಮುಗಿದೊಡನೆ ಕಾರನ್ನು ಮತ್ತೆ ಓಡಬಿಡುತ್ತಿದ್ದೆ. ಸ್ಪೋರ್ಟ್ಸ್ ಕಾರಿನ ಸೊಗಸೇ ಅದಲ್ಲವೇ ಎಂಬ ಹುಮ್ಮಸ್ಸು. ಅರ್ಧ ಇಳಿದ ಮೇಲೆ ಸುಟ್ಟ ವಾಸನೆ ಬಂತು. ಎದುರಿನ ಲಾರಿಯದಿರಬೇಕು ಎಂದು ಮಗಳಿಗೆ ಹೇಳಿದೆ.

ಘಾಟಿಯ ಬುಡ ಸಮೀಪಿಸುತ್ತಿದ್ದಂತೆ ಒಂದು ತಿರುವಿನಾಚೆ ಹೆಂಗಸೊಬ್ಬರು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿದೆ. ಪೆಡಲ್ ಎಂದೂ ಇಳಿಯದಷ್ಟು ಆಳಕ್ಕೆ ಮೆತ್ತಗೆ ಇಳಿಯಿತು. ಮತ್ತೆ ಬಲವಾಗಿ ತುಳಿದೆ. ಸ್ಟೀರಿಂಗ್ ಕೈಯೊಳಗೆ ಗಡಗಡನೆ ಅದುರಿತು. ಕಾರು ನಿಂತಾಗ ನಮಗೂ ಅವರಿಗೂ ನಡುವೆ ಒಂದು ಮಾರಿನಷ್ಟು ಅಂತರವಿತ್ತು. ಹೊರೆಯ ಭಾರದಲ್ಲಿ ಅವರು ಈ ಕಡೆ ತಿರುಗಿ ನೋಡಲಿಲ್ಲ. ತಮ್ಮ ಪಾಡಿಗೆ ರಸ್ತೆ ದಾಟಿ ಓಣಿ ಇಳಿದು ಹೋದರು. ತಾವು ಬದುಕಿದ್ದು ಒಂದು ಮಾರಿನ ಲೆಕ್ಕದಲ್ಲಿ ಎಂಬುದು ಅವರಿಗೆ ಇಂದಿಗೂ ತಿಳಿದಿರಲಾರದು. ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಸುಳ್ಯ ಪೇಟೆಯ ದೀಪಗಳು ಕಂಡ ಮೇಲೆ ಕೇಳಿದಳು: "ಅಪ್ಪ, ಈ ಕಾರು ನಿಜವಾಗಿ ಎಷ್ಟು ಬೇಗ ನಿಲ್ಲುತ್ತದೆ?"

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣ ಘಾಟಿಯ ಘಟನೆಯೊಂದೇ ಅಲ್ಲ. ಹಳೆಯ ಕಡತವೊಂದು ನೆನಪಾಗಿತ್ತು.

ವೃತ್ತಿಯ ಆರಂಭದ ದಿನಗಳಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಾನು ಲಾರಿ ಮಾಲೀಕರೊಬ್ಬರ ಪರವಾಗಿ ವಾದಿಸಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟು ಲಾರಿ ದಾರಿಹೋಕರೊಬ್ಬರ ಮೇಲೆ ಹರಿದಿತ್ತು. ಅರ್ಜಿದಾರರು ಅವರ ಪತ್ನಿ. "ಬ್ರೇಕ್ ಹಠಾತ್ತನೆ ವಿಫಲವಾಯಿತು, ಅದನ್ನು ಮುಂಗಾಣಲು ಯಾರಿಗೂ ಸಾಧ್ಯವಿರಲಿಲ್ಲ" ಎಂಬುದು ನನ್ನ ವಾದ. ಎದುರು ಪಕ್ಷದ ಹಿರಿಯ ವಕೀಲರು ಸುಪ್ರೀಂ ಕೋರ್ಟು 1977ರಲ್ಲಿ ಮಿನು ಬಿ. ಮೆಹ್ತಾ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಮುಂದಿಟ್ಟರು. ಯಾಂತ್ರಿಕ ದೋಷದಿಂದ ಅಪಘಾತವಾಯಿತೆಂದು ಹೇಳುವ ಮಾಲೀಕನು, ಆ ದೋಷ ಮರೆಯಲ್ಲಿತ್ತು, ತಕ್ಕ ಎಚ್ಚರ ವಹಿಸಿದರೂ ಪತ್ತೆಯಾಗುವಂತಿರಲಿಲ್ಲ ಎಂಬುದನ್ನು ತಾನೇ ಸಾಬೀತುಪಡಿಸಬೇಕು ಎಂಬುದು ಅದರ ಸಾರ. ಅದಕ್ಕೂ ಹಿಂದೆ, 1969ರಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಹೆಂಡರ್ಸನ್ ಪ್ರಕರಣದಲ್ಲಿ ಇದೇ ದಾರಿ ಹಿಡಿದಿತ್ತು. ಅಲ್ಲಿಯೂ ಇಳಿಜಾರು, ಅಲ್ಲಿಯೂ ಲಾರಿ, ಅಲ್ಲಿಯೂ ಅರ್ಜಿದಾರರು ವಿಧವೆ. ಬ್ರೇಕ್ ದ್ರವ ಹರಿಯುವ ಕೊಳವೆಗೆ ತುಕ್ಕು ಹಿಡಿದು ತೂತಾಗಿತ್ತು. ಕೊಳವೆಯನ್ನು ಬಿಚ್ಚದೆ ಆ ತುಕ್ಕು ಕಾಣಿಸುವಂತಿರಲಿಲ್ಲ. ಆದರೂ ಮಾಲೀಕರು ಹೊಣೆಯಿಂದ ಪಾರಾಗಲಿಲ್ಲ. ತಾವು ವಹಿಸಬೇಕಾದ ಎಚ್ಚರವನ್ನೆಲ್ಲ ವಹಿಸಿದ್ದೆವೆಂದು ತೋರಿಸಲು ಅವರಿಂದಾಗಲಿಲ್ಲ.

ನಾನು ಆ ಪ್ರಕರಣದಲ್ಲಿ ಸೋತೆ. ಸೋತದ್ದಕ್ಕೆ ಆಗ ಬೇಸರವಾಗಿತ್ತು. ಈಗ, ಸಂಪಾಜೆಯಿಂದ ಬಂದ ರಾತ್ರಿ, ಸಾಕ್ಷಿ ಕಟಕಟೆಯಲ್ಲಿ ನನ್ನನ್ನೇ ನಿಲ್ಲಿಸಿ ನೋಡಿದೆ. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್, ದೋಷವಿದೆಯೆಂದು ಗೊತ್ತಿದ್ದವನನ್ನು ಮಾತ್ರವಲ್ಲ, ಸಾಮಾನ್ಯ ಎಚ್ಚರದಿಂದ ಅದನ್ನು ಗೊತ್ತುಮಾಡಿಕೊಳ್ಳಬಹುದಾಗಿದ್ದವನನ್ನೂ ತಪ್ಪಿತಸ್ಥನೆಂದೇ ಎಣಿಸುತ್ತದೆ. "ಸ್ಟೀರಿಂಗ್ ನಡುಗುತ್ತಿದ್ದುದು ತಮಗೆ ತಿಳಿದಿತ್ತೇ?" "ತಿಳಿದಿತ್ತು." "ಎಷ್ಟು ಕಾಲದಿಂದ?" "ಎರಡು ತಿಂಗಳಿಂದ." ಪಾಟೀಸವಾಲು ಅಲ್ಲಿಗೆ ಮುಗಿಯುತ್ತಿತ್ತು. ಹುಲ್ಲಿನ ಹೊರೆಯ ಆ ತಾಯಿಯ ಪರವಾಗಿ ವಾದಿಸಲು ಯಾವ ಹಿರಿಯ ವಕೀಲರೂ ಬೇಕಾಗುತ್ತಿರಲಿಲ್ಲ.

ಮರುದಿನವೇ ಕಾರನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹಿರಿಯ ಮೆಕ್ಯಾನಿಕನ್ನು ಊರೆಲ್ಲ 'ಆಶಾನ್' ಎಂದೇ ಕರೆಯುವುದು. ಮಲೆಯಾಳ, ತುಳು, ಕನ್ನಡ ಮೂರನ್ನೂ ಬೆರೆಸಿ ಮಾತಾಡುವ ಅವರು ಯಂತ್ರದ ವಿಷಯದಲ್ಲಿ ಮಾತ್ರ ಯಾವುದನ್ನೂ ಬೆರೆಸುವುದಿಲ್ಲ. ಚಕ್ರ ಬಿಚ್ಚಿ ಮುಂಗಡೆಯ ಬ್ರೇಕ್ ಡಿಸ್ಕನ್ನು ತೋರಿಸಿದರು. ಚಕ್ರದೊಡನೆ ತಿರುಗುವ ಈ ಬೀಡುಕಬ್ಬಿಣದ ಬಿಲ್ಲೆಗೇ ರೋಟರ್ ಎಂದು ಹೆಸರು. ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿ ಎರಡು ಪ್ಯಾಡುಗಳಿಂದ ಇದನ್ನು ಅದುಮುತ್ತದೆ. ಘರ್ಷಣೆಯಿಂದ ಓಟವೆಲ್ಲ ಉಷ್ಣವಾಗಿ ಬಿಲ್ಲೆಗೆ ಇಳಿದು, ಅಲ್ಲಿಂದ ಗಾಳಿಗೆ ಹೋಗುತ್ತದೆ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಇಂತಹ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ಅದರ ಹಿರಿಮೆ ಜಗತ್ತಿಗೆ ತಿಳಿದದ್ದು 1953ರಲ್ಲಿ, ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಾಗ. ಬೇಗ ಓಡುವವನಿಗಿಂತ ಬೇಗ ನಿಲ್ಲಬಲ್ಲವನೇ ಮುಂದೆ ಹೋಗುತ್ತಾನೆ ಎಂಬುದು ಅಂದು ಸಾಬೀತಾಯಿತು.

"ಡಿಸ್ಕ್ ಬೆಂಡಾಗಿದೆಯೇ?" ಎಂದು ಕೇಳಿದೆ. ಆಶಾನ್ ನಕ್ಕರು. ಡಯಲ್ ಗೇಜ್ ಇಟ್ಟು ಬಿಲ್ಲೆಯನ್ನು ಮೆಲ್ಲನೆ ತಿರುಗಿಸಿದರು, ಮುಳ್ಳು ಓಲಾಡಿತು. ಬಿಲ್ಲೆಯನ್ನು ಕಳಚಿದರೆ ಅದು ಕೂರುವ ಹಬ್ಬಿನ ಮುಖದಲ್ಲಿ ತುಕ್ಕಿನ ಹಕ್ಕಳೆ. ಆ ಹಕ್ಕಳೆಯಿಂದಾಗಿ ಬಿಲ್ಲೆ ಕೂದಲೆಳೆಯಷ್ಟು ಓರೆಯಾಗಿ ಕುಳಿತು, ಪ್ರತಿ ಸುತ್ತಿನಲ್ಲಿಯೂ ಪ್ಯಾಡಿಗೆ ಒಂದೇ ಕಡೆ ತಾಗುತ್ತಿತ್ತು. ಕ್ರಮೇಣ ಒಂದೆಡೆ ಸವೆದು, ಇನ್ನೊಂದೆಡೆ ಪ್ಯಾಡಿನ ಮಸಿ ಮೆತ್ತಿ ದಪ್ಪದಲ್ಲಿ ವ್ಯತ್ಯಾಸವುಂಟಾಗಿತ್ತು. ಡಿಸ್ಕ್ ಬಿಸಿಗೆ ಬಾಗಿತು ಎಂದು ಜನ ಹೇಳುವುದು ಹೆಚ್ಚಿನ ಸಂದರ್ಭಗಳಲ್ಲಿ ಹೀಗೆ ಹುಟ್ಟುವ ದೋಷವೇ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿನಷ್ಟು ದಪ್ಪ ವ್ಯತ್ಯಾಸವಾದರೂ ಕೈಗೆ ನಡುಕ ತಿಳಿಯುತ್ತದೆ. ಬಿಲ್ಲೆಯ ಅಂಚಿನಲ್ಲಿ ಕನಿಷ್ಠ ದಪ್ಪ 23 ಮಿ.ಮೀ. ಎಂದು ಅಚ್ಚೊತ್ತಿತ್ತು, ಅಳೆದರೆ 22.6. ಲೇತಿಗೆ ಕೊಟ್ಟು ಸಮಮಾಡಿಸುವ ಘಟ್ಟ ದಾಟಿಹೋಗಿತ್ತು.

ಆದರೆ ಘಾಟಿಯಲ್ಲಿ ಪೆಡಲ್ ಮೆತ್ತಗಾದದ್ದಕ್ಕೆ ಬಿಲ್ಲೆಯೊಂದೇ ಆರೋಪಿಯಲ್ಲ ಎಂದರು ಆಶಾನ್. ಎರಡನೆಯ ಆರೋಪಿ ಬ್ರೇಕ್ ಆಯಿಲ್. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದರೆ ಗುಳ್ಳೆಗಳೇಳುತ್ತವೆ, ನಾವು ಒತ್ತಿದ ಬಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ಕಳೆದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಅದನ್ನು ನಾನು ಕಾರು ಕೊಂಡಂದಿನಿಂದ ಮುಟ್ಟಿರಲಿಲ್ಲ. ಮೂರನೆಯ ಆರೋಪಿ ಯಾರೆಂದು ಆಶಾನ್ ಹೇಳಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದರು.

ಹೊಸ ರೋಟರ್ ಯಾವುದು ಎಂಬ ಪ್ರಶ್ನೆಗೆ ಸಲಹೆಗಳ ಸುರಿಮಳೆಯಾಯಿತು. ನನ್ನ ಕಿರಿಯ ಸಹಾಯಕ ವಕೀಲನು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ: ಸಾಲು ಸಾಲಾಗಿ ತೂತು ಕೊರೆದ ಬಿಲ್ಲೆಗಳು, ಬಾಣದಂತೆ ಓರೆ ಗೀರು ಹಾಕಿದವು, ತೂತೂ ಗೀರೂ ಎರಡೂ ಇರುವವು, ಅವುಗಳ ಮೇಲೆ ಕೆಂಪು ಬಣ್ಣದ ದೊಡ್ಡ ಕ್ಯಾಲಿಪರ್. "ಸರ್, ಇಂಥ ಕಾರಿಗೆ ಬೋಳು ಡಿಸ್ಕ್ ಹಾಕಿದರೆ ಮದುಮಗನಿಗೆ ರಬ್ಬರ್ ಚಪ್ಪಲಿ ತೊಡಿಸಿದಂತೆ" ಎಂದ. ಆ ಮಾತು ನನಗೂ ನಾಟಿತೆಂದೇ ಹೇಳಬೇಕು. ಚಕ್ರದ ಕಡ್ಡಿಗಳ ನಡುವೆ ಮಿನುಗುವ ತೂತಿನ ಬಿಲ್ಲೆಯನ್ನು ನಾನೂ ಮನಸ್ಸಿನಲ್ಲಿ ಕಂಡಿದ್ದೆ. ಆದರೆ ಈ ಬಾರಿ ಪ್ರತಿಯೊಂದರ ಸಾಕ್ಷ್ಯವನ್ನೂ ಪರಿಶೀಲಿಸಿಯೇ ತೀರ್ಪು ಬರೆಯಬೇಕೆಂದು ನಿಶ್ಚಯಿಸಿದೆ.

ತೂತು ಕೊರೆಯುವ ಪದ್ಧತಿ ಪಂದ್ಯದ ಕಾರುಗಳಿಂದ ಬಂದದ್ದು. ಹಿಂದಿನ ಕಾಲದ ಪ್ಯಾಡುಗಳು ವಿಪರೀತ ಕಾದಾಗ ಅನಿಲ ಬಿಡುತ್ತಿದ್ದವು. ಪ್ಯಾಡಿಗೂ ಬಿಲ್ಲೆಗೂ ನಡುವೆ ಸಿಲುಕುವ ಆ ಅನಿಲ ಹೊರಹೋಗಲು ತೂತು ಬೇಕಾಗಿತ್ತು. ಇಂದಿನ ಪ್ಯಾಡುಗಳಲ್ಲಿ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಮಳೆಯಲ್ಲಿ ಬಿಲ್ಲೆಯ ಮೇಲಿನ ನೀರು ಬೇಗ ಸರಿಯುತ್ತದೆ, ತೂಕ ತುಸು ಇಳಿಯುತ್ತದೆ ಎಂಬುದು ಅದರ ಪರವಾದ ಸಾಕ್ಷ್ಯ. ವಿರುದ್ಧ ಸಾಕ್ಷ್ಯ ಇನ್ನೂ ಬಲವಾದುದು: ಉಷ್ಣವನ್ನು ಹೀರಿಕೊಳ್ಳಬೇಕಾದ ಕಬ್ಬಿಣವೇ ಕಡಿಮೆಯಾಗುತ್ತದೆ, ಕಾಯುತ್ತ ತಣಿಯುತ್ತ ಇರುವ ಬಿಲ್ಲೆಯಲ್ಲಿ ತೂತಿನ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಅಗ್ಗದ ಬಿಲ್ಲೆಗೆ ಮೇಲಿಂದ ಕೊರೆದ ತೂತುಗಳಾದರೆ ಅಪಾಯ ಮತ್ತೂ ಹೆಚ್ಚು. ಗೀರಿನ ಬಿಲ್ಲೆ ಇದಕ್ಕಿಂತ ಗಟ್ಟಿ. ಪ್ಯಾಡಿನ ಮುಖವನ್ನು ಕೆರೆದು ಮಸಿ, ಧೂಳು, ನೀರನ್ನು ತಳ್ಳುತ್ತದೆ. ಬೆಲೆಯಾಗಿ ಪ್ಯಾಡ್ ಬೇಗ ಸವೆಯುತ್ತದೆ, ಸದ್ದೂ ಮಾಡುತ್ತದೆ. ಪಂದ್ಯದ ಹಾದಿಯಲ್ಲಿ ದಿನವಿಡೀ ಓಡಿಸುವವರಿಗೆ ಅದು ಸರಿ. ಇನ್ನು ಕಾರ್ಬನ್ ಸೆರಾಮಿಕ್; ಈ ಶತಮಾನದ ಆರಂಭದಲ್ಲಿ ಪೋರ್ಷೆಯ ರಸ್ತೆ ಕಾರುಗಳಲ್ಲಿ ಬಂದ ಆ ಬಿಲ್ಲೆ ತೂಕದಲ್ಲಿ ಕಬ್ಬಿಣದ ಅರ್ಧದಷ್ಟು, ತುಕ್ಕೂ ಹಿಡಿಯದು. ಆದರೆ ಅದರ ಬೆಲೆಗೆ ಇನ್ನೊಂದು ಕಾರನ್ನೇ ಕೊಳ್ಳಬಹುದು. ಅದನ್ನು ಕುರಿತ ವಿಚಾರಣೆಯನ್ನು ಮೊದಲ ದಿನವೇ ವಜಾ ಮಾಡಿದೆ.

ಉಳಿದದ್ದು ಸಾದಾ ಬಿಲ್ಲೆ. ಸಾದಾ ಎಂದರೆ ಒಳಗೂ ಗಟ್ಟಿ ಎಂದಲ್ಲ. ಮುಂಗಡೆಯ ಬಿಲ್ಲೆ ಎರಡು ತಟ್ಟೆಗಳನ್ನು ನಡುವೆ ಸಣ್ಣ ಗೋಡೆಗಳಿಟ್ಟು ಕೂಡಿಸಿದಂತೆ ಇರುತ್ತದೆ. ತಿರುಗುವಾಗ ನಡುವಿನಿಂದ ಗಾಳಿಯನ್ನು ಎಳೆದು ಅಂಚಿನಿಂದ ಹೊರಚೆಲ್ಲುತ್ತದೆ. ಬಿಲ್ಲೆಯನ್ನು ತಣಿಸುವ ಮುಖ್ಯ ಕೆಲಸ ಮೇಲ್ಮೈಯ ತೂತುಗಳದ್ದಲ್ಲ, ಕಣ್ಣಿಗೆ ಬೀಳದ ಈ ಒಳದಾರಿಯದ್ದು.

ಆದರೂ ಮನಸ್ಸು ತೂಗುತ್ತಿತ್ತು. ಅದನ್ನು ನಿಲ್ಲಿಸಿದವಳು ಮಗಳು. ಶಾಲೆಯಲ್ಲಿ ಚಲನಶಕ್ತಿ, ಪ್ರಚ್ಛನ್ನ ಶಕ್ತಿಗಳ ಪಾಠ ನಡೆದಿತ್ತು. ಕನ್ನಡದಲ್ಲಿ ಅಚ್ಚಾದ ಕೇರಳದ ಪಠ್ಯಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, "ಕಾರಿನ ತೂಕ ಹೇಳು ಅಪ್ಪ" ಎಂದಳು. ನಾವಿಬ್ಬರೂ ಕುಳಿತರೆ 1,500 ಕಿಲೋ ಎಂದು ಹಿಡಿದೆವು. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ವೇಗದ ವರ್ಗವನ್ನು ರಾಶಿಯಿಂದ ಗುಣಿಸಿ ಅರ್ಧ ಮಾಡಿದಾಗ ಸುಮಾರು 5.8 ಲಕ್ಷ ಜೂಲ್ ಬಂತು. ವೇಗ 50ಕ್ಕೆ ಇಳಿದರೆ ಶಕ್ತಿ ಅರ್ಧವಲ್ಲ, ಕಾಲು ಭಾಗ ಮಾತ್ರ. ನೂರರಿಂದ ಒಮ್ಮೆ ನಿಲ್ಲಿಸಿದಾಗ ಆ ಶಕ್ತಿಯ ಹತ್ತರಲ್ಲಿ ಏಳು ಪಾಲು ಮುಂದಿನ ಎರಡು ಬಿಲ್ಲೆಗಳಿಗೆ ಹೋಗುತ್ತದೆಂದೂ, ಬಿಲ್ಲೆಯೊಂದರ ತೂಕ 9 ಕಿಲೋ ಎಂದೂ ಇಟ್ಟುಕೊಂಡರೆ ಅದರ ಬಿಸಿ ಏರುವುದು ಸುಮಾರು 50 ಡಿಗ್ರಿ. "ಇಷ್ಟೇಯಾ?" ಎಂದೆ ನಾನು, ತುಸು ನಿರಾಳನಾಗಿ.

ಅವಳು ಹಾಳೆ ಮಗುಚಿದಳು. ಘಾಟಿಯ ಇಳಿತ 800 ಮೀಟರ್ ಎಂದು ಲೆಕ್ಕಕ್ಕೆ ಹಿಡಿದಳು. ರಾಶಿ, ಗುರುತ್ವ, ಎತ್ತರಗಳನ್ನು ಗುಣಿಸಿದಾಗ 1 ಕೋಟಿ 18 ಲಕ್ಷ ಜೂಲ್. "ಅಂದರೆ ಅಪ್ಪ, ಗಾಳಿಯ ತಡೆಯನ್ನೂ ಎಂಜಿನಿನ ತಡೆಯನ್ನೂ ಬಿಟ್ಟರೆ, ನೂರರ ವೇಗದಿಂದ ಒಂದರ ಹಿಂದೊಂದು ಇಪ್ಪತ್ತು ಸಲ ನಿಲ್ಲಿಸಿದಂತೆ." ಅಷ್ಟೂ ಬಿಸಿ ಬಿಲ್ಲೆಯಲ್ಲಿಯೇ ಉಳಿದರೆ ಸಾವಿರ ಡಿಗ್ರಿ. ಗಾಳಿ ಆಗಾಗ ತಣಿಸುವುದರಿಂದ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ತೇವ ಹೀರಿದ ಆಯಿಲ್ ಕುದಿಯಲು ಅಷ್ಟೇನೂ ಬೇಕಿಲ್ಲ. ನನ್ನ ಕಾರು ಅಂದು ಬೇಡಿದ್ದು ತೂತುಗಳನ್ನಲ್ಲ; ಉಷ್ಣ ಹೀರುವ ಕಬ್ಬಿಣದ ತೂಕವನ್ನು, ಗಾಳಿಯ ಒಳದಾರಿಯನ್ನು, ಹೊಸ ಆಯಿಲನ್ನು ಮತ್ತು ತಿಳಿವುಳ್ಳ ಚಾಲಕನನ್ನು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿತರೆ ಮುಂದೇನು ಎಂದು ಕೇಳುವ ಬಂಧುಗಳಿಗೆ ತೋರಿಸಲೆಂದು ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಕಾನೂನಿನ ಕಡೆಯನ್ನೂ ನೋಡಬೇಕಿತ್ತು. ದೊಡ್ಡ ಬಿಲ್ಲೆ, ಬೇರೆ ಕ್ಯಾಲಿಪರ್ ಹಾಕಿಸುವ ಸಲಹೆಯೂ ಬಂದಿತ್ತು. ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಬಿಲ್ಲೆಯ ಅಳತೆ ನೋಂದಣಿ ಪತ್ರದಲ್ಲಿ ಎಲ್ಲಿದೆ ಎಂದು ನಾನೇ ವಾದಿಸಬಲ್ಲೆ. ಆದರೆ ಅಪಘಾತವಾದ ಮೇಲೆ ವಿಮಾ ಸಂಸ್ಥೆಯೊಡನೆ ಆ ವಾದ ಹೂಡುವುದಕ್ಕಿಂತ ಆ ವಾದವೇ ಬೇಕಾಗದಂತೆ ನಡೆದುಕೊಳ್ಳುವುದು ಮೇಲು. ಅದಲ್ಲದೆ, ಮುಂದಿನ ಬ್ರೇಕ್ ಮಾತ್ರ ಬಲಗೊಂಡರೆ ಮುಂದು ಹಿಂದುಗಳ ನಡುವೆ ತಯಾರಕರು ಲೆಕ್ಕಹಾಕಿಟ್ಟ ಸಮತೋಲ ತಪ್ಪುತ್ತದೆ. ಕೊನೆಗೂ ಕಾರನ್ನು ನಿಲ್ಲಿಸುವುದು ರಸ್ತೆಯನ್ನು ಹಿಡಿದಿರುವ ಟಯರು. ಸವೆದ ಟಯರಿಗೆ ಯಾವ ಬಿಲ್ಲೆಯೂ ಹಿಡಿತ ಕೊಡಲಾರದು.

ತೀರ್ಪು ಹೀಗಾಯಿತು: ತಯಾರಕರು ಹೇಳಿದ ಅಳತೆಯ, ಒಳದಾರಿಯುಳ್ಳ ಸಾದಾ ಬಿಲ್ಲೆ. ಪ್ಯಾಡ್ ತಾಗದ ಭಾಗಗಳಿಗೆ, ಅಂದರೆ ನಡುವಿನ ಟೊಪ್ಪಿ, ಅಂಚು, ಒಳಗೋಡೆಗಳಿಗೆ, ತುಕ್ಕುನಿರೋಧಕ ಲೇಪವಿರುವಂಥದ್ದು. ನಮ್ಮ ಕರಾವಳಿಗೆ ಈ ಲೇಪ ತೂತು ಗೀರುಗಳೆಲ್ಲಕ್ಕಿಂತ ಬೆಲೆಯುಳ್ಳದ್ದು. ಎಡಬಲ ಎರಡನ್ನೂ ಒಟ್ಟಿಗೆ ಬದಲಿಸುವುದು, ಜೊತೆಗೆ ಹೊಸ ಪ್ಯಾಡ್. ಬದಲಿ ಬಿಲ್ಲೆಗಳ ಗುಣಮಟ್ಟಕ್ಕಾಗಿ ಯುರೋಪಿನಲ್ಲಿ ಬಳಕೆಯಲ್ಲಿರುವ ಆರ್-90 ಮಾನ್ಯತೆಯ ಗುರುತು ಬಿಲ್ಲೆಯ ಮೇಲೆಯೇ ಅಚ್ಚಾಗಿತ್ತು. ಇದಕ್ಕಿಂತ ಅರ್ಧ ಬೆಲೆಗೆ, ಹೆಸರಾಂತ ಡಬ್ಬಿಯಲ್ಲಿ, ಬಿಲ್ಲಿಲ್ಲದೆ ಕೊಡುತ್ತೇನೆಂದ ವ್ಯಾಪಾರಿಯೂ ಒಬ್ಬರು ಸಿಕ್ಕಿದರು. ರಸೀದಿಯಿಲ್ಲದ ಬ್ರೇಕ್ ಎಂದರೆ ಸಾಕ್ಷಿಯಿಲ್ಲದ ಕೇಸು; ಕೈಮುಗಿದು ಬಂದೆ.

ಆಶಾನ್ ಹಬ್ಬಿನ ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿದರು. ಹೊಸ ಬಿಲ್ಲೆ ಕೂರಿಸಿ ಮತ್ತೆ ಡಯಲ್ ಗೇಜ್ ಇಟ್ಟರು; ಮುಳ್ಳು ಈಗ ಬಹುತೇಕ ಅಲುಗಲಿಲ್ಲ. ಚಕ್ರದ ಬೋಲ್ಟುಗಳನ್ನು ಒಂದರ ಎದುರಿನ ಇನ್ನೊಂದು ಎಂಬಂತೆ, ಬಲವನ್ನು ಅಳೆಯುವ ಸ್ಪ್ಯಾನರಿನಿಂದ ಬಿಗಿದರು. ಎಲ್ಲ ಮುಗಿದ ಮೇಲೆ, "ಇನ್ನು ಪಳಗಿಸಬೇಕು" ಎಂದರು. ಖಾಲಿ ರಸ್ತೆಯಲ್ಲಿ 60ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಇಳಿಸುವುದು. ನಡುನಡುವೆ ತುಸು ಓಡಬಿಡುವುದು. ಕೊನೆಗೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸುವುದು. ಪ್ಯಾಡಿನ ತೆಳುಪದರ ಬಿಲ್ಲೆಯ ಮೇಲೆ ಎಲ್ಲೆಡೆ ಸಮನಾಗಿ ಕೂರುವುದಕ್ಕಾಗಿ ಇದು. ಕಾದ ಬಿಲ್ಲೆಯನ್ನು ಪ್ಯಾಡ್ ಬಿಗಿಹಿಡಿದು ನಿಂತರೆ ಆ ಜಾಗದಲ್ಲಿ ಮಾತ್ರ ಮಸಿ ಮೆತ್ತಿ ನಡುಕ ಮರಳುತ್ತದೆ.

ಇದನ್ನು ಮನೆಯಲ್ಲಿ ವಿವರಿಸಿದಾಗ ಅಮ್ಮನಿಗೆ ಅಚ್ಚರಿಯೇ ಆಗಲಿಲ್ಲ. "ಇದರಲ್ಲೇನಿದೆ? ಬೀಡಿನ ಕಾವಲಿಯನ್ನು ಹಾಗೆಯೇ ಅಲ್ಲವೇ ಪಳಗಿಸುವುದು? ಕಾಸಿ, ಎಣ್ಣೆ ಸವರಿ, ತಣಿಸಿ, ಮತ್ತೆ ಕಾಸಿ. ಅವಸರ ಮಾಡಿದರೆ ದೋಸೆ ಒಂದೇ ಕಡೆ ಅಂಟುತ್ತದೆ. ಕಾದ ಕಾವಲಿಗೆ ತಣ್ಣೀರು ಸುರಿದರೆ ಒಡೆಯುತ್ತದೆ." ಕಬ್ಬಿಣದ ಬಗೆಗೆ ನಾನು ವಾರಗಟ್ಟಲೆ ಓದಿ ತಿಳಿದದ್ದು ನಮ್ಮ ಅಡುಗೆಮನೆಯಲ್ಲಿ ಮೊದಲೇ ಇತ್ತು.

ಕೊನೆಗೆ ಅಪ್ಪನನ್ನು ಕೂರಿಸಿಕೊಂಡು ಹೊರಟೆ. ತಗ್ಗಿನ ಆಸನದಲ್ಲಿ ಕೂರಲು ಅವರಿಗೆ ಕಷ್ಟವಾಯಿತು. ಮುಳ್ಳೇರಿಯದ ಇಳಿಜಾರಿನಲ್ಲಿ ನನ್ನ ಪಾದವನ್ನೇ ನೋಡುತ್ತಿದ್ದರು. "ಹೊಸ ಬ್ರೇಕು ಒಳ್ಳೆಯದಿದೆ. ಆದರೆ ನೀನು ಅದನ್ನು ಇಷ್ಟು ಸಲ ಯಾಕೆ ಮುಟ್ಟುತ್ತೀ? ಹತ್ತುವಾಗ ಹಾಕುವ ಗೇರಿನಲ್ಲಿಯೇ ಇಳಿಯಬೇಕು. ಎಂಜಿನ್ ಹಿಡಿಯಲಿ. ಬ್ರೇಕು ಇರುವುದು ಎದುರು ಬಂದವರಿಗಾಗಿ." ನನ್ನದು ಗೇರು ತಾನಾಗಿ ಬದಲಾಗುವ ಕಾರು. ಕೈಯಿಂದ ಕೆಳಗಿನ ಗೇರು ಹಾಕುವ ಸೌಕರ್ಯವಿದ್ದರೂ ಸಂಪಾಜೆಯಲ್ಲಿ ನಾನದನ್ನು ಬಳಸಿರಲಿಲ್ಲ. ಆಶಾನ್ ಹೆಸರು ಹೇಳದ ಮೂರನೆಯ ಆರೋಪಿಯನ್ನು ಅಪ್ಪ ಅಂದು ಗುರುತಿಸಿದರು. ಹೊಳೆ ದಾಟಿದ ಮೇಲೆ ಬ್ರೇಕನ್ನು ಮೆಲ್ಲನೆ ಒತ್ತಿ ಒಣಗಿಸಿಯೇ ಮುಂದೆ ಹೋಗುತ್ತಿದ್ದ ಮನುಷ್ಯ ಅವರು. ಅವರ ಜೀಪಿನಲ್ಲಿ ಹೆರಿಗೆಗೆ ಹೋದವರು, ಪರೀಕ್ಷೆಗೆ ಹೋದವರು, ಮದುವೆಗೆ ಹೋದವರು ಎಲ್ಲರೂ ಮನೆಗೆ ಮರಳಿದ್ದಾರೆ. ಜೀಪು ಎಷ್ಟು ಓಡುತ್ತದೆ ಎಂದು ಅವರನ್ನು ಯಾರೂ ಕೇಳಿರಲಿಲ್ಲ.

ಈಗ ಕಾರು ನಡುಗುವುದಿಲ್ಲ. ಮಳೆಗಾಲದಲ್ಲಿಯೂ ವಾರಕ್ಕೆರಡು ಸಲ ಹೊರತೆಗೆದು, ಅಂಗಳದಿಂದ ರಸ್ತೆಗಿಳಿಯುವ ಮುನ್ನ ಬ್ರೇಕ್ ಒತ್ತಿ ಬಿಲ್ಲೆಯ ತುಕ್ಕನ್ನು ಉಜ್ಜಿಕೊಳ್ಳುತ್ತೇನೆ. ಆಯಿಲ್ ಬದಲಿಸಿದ ದಿನಾಂಕ ನನ್ನ ಡೈರಿಯಲ್ಲಿ ವಿಚಾರಣೆಯ ದಿನಾಂಕಗಳ ಜೊತೆಗೇ ಇದೆ.

ಈ ಪತ್ರಿಕೆಯ ಓದುಗರಲ್ಲಿ ಸ್ಪೋರ್ಟ್ಸ್ ಕಾರು ಉಳ್ಳವರು ವಿರಳ ಎಂದು ಬಲ್ಲೆ. ಆದರೆ ನಮ್ಮ ಮಕ್ಕಳು ದಿನವೂ ಶಾಲೆಗೆ ಹೋಗುವುದು ಬಸ್ಸು, ವ್ಯಾನು, ಜೀಪು, ಆಟೋಗಳಲ್ಲಿ. ಗುಡ್ಡ ಹತ್ತಿ, ಕಣಿವೆ ಇಳಿದು. ಮುಂದಿನ ರಕ್ಷಕರ ಸಭೆಯಲ್ಲಿ ಶುಲ್ಕ, ಪಠ್ಯಪುಸ್ತಕಗಳ ಮಾತು ಮುಗಿದ ಮೇಲೆ ಶಾಲಾ ವಾಹನದ ಚಾಲಕರನ್ನು ಗೌರವದಿಂದಲೇ ಒಂದು ಪ್ರಶ್ನೆ ಕೇಳೋಣ: ಬ್ರೇಕ್ ಆಯಿಲ್ ಬದಲಿಸಿ ಎಷ್ಟು ಕಾಲವಾಯಿತು, ಒತ್ತಿದಾಗ ನಡುಕವೇನಾದರೂ ಇದೆಯೇ? ಇದ್ದರೆ ದುರಸ್ತಿಯ ಖರ್ಚಿನಲ್ಲಿ ನಮ್ಮ ಪಾಲನ್ನು ಕೊಡೋಣ. ಎರಡು ತಿಂಗಳು ಕಾಯುವುದು ಬೇಡ.